ಎತ್ತರದ ಚಕ್ರದ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಈ ಸೈಕಲ್ಲುಗಳಿಗೆ ಇದೇ ತವರೂರು. ನಾನು ಪೆನ್ನಿ-ಫಾರ್ದಿಂಗ್ ಅನ್ನುವ ಈ ಎತ್ತರದ ಸೈಕಲ್ ಓಡಿಸುತ್ತೇನೆ ಅಂತ ಗೊತ್ತಾದ ಮೇಲೆ ಊರಿನ ನೆಂಟರು ಫೋನಿನಲ್ಲಿ, ಕನ್ನಡ ಕೂಟದವರು ಊಟದ ಸಾಲಿನಲ್ಲಿ, ಫೋಟೋ ನೋಡಿದವರು ಪತ್ರದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ಲೆಕ್ಕಾಚಾರದ್ದು ಆಮೇಲೆ.

## ಮೊದಲ ಪರಿಚಯ

ಇದೇನು ಸಾರ್, ಸರ್ಕಸ್ ಸೈಕಲ್ಲಾ?

ಅಲ್ಲ. 1870ರಿಂದ 1880ರ ದಶಕದ ಕೊನೆಯವರೆಗೆ ಸೈಕಲ್ ಅಂದರೆ ಇದೇ. ಜನ ಕೆಲಸಕ್ಕೆ ಹೋಗುತ್ತಿದ್ದದ್ದು, ರೇಸ್ ಆಡುತ್ತಿದ್ದದ್ದು, ಊರೂರು ತಿರುಗುತ್ತಿದ್ದದ್ದು ಇದರ ಮೇಲೆಯೇ. ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ಬ್ರಿಟನ್ನಿನ ದೊಡ್ಡ ಪೆನ್ನಿ ನಾಣ್ಯದ ಪಕ್ಕ ಚಿಕ್ಕ ಫಾರ್ದಿಂಗ್ ಇಟ್ಟ ಹಾಗೆ ಕಾಣುತ್ತಿದ್ದರಿಂದ ಆ ಹೆಸರು ಬಂತು.

ಮುಂದಿನ ಚಕ್ರ ಅಷ್ಟು ದೊಡ್ಡದು ಯಾಕೆ? ಸುಮ್ನೆ ಶೋಕಿಗಾ?

ಜನ ಜಾಸ್ತಿ ಕೇಳುವ ಪ್ರಶ್ನೆ ಇದು, ನನಗೆ ಉತ್ತರಿಸಲು ತುಂಬ ಇಷ್ಟವಾದದ್ದೂ ಇದೇ. ಈ ಸೈಕಲ್ಲಿಗೆ ಚೈನ್ ಇಲ್ಲ. ಪೆಡಲ್ ಇರುವುದು ಮುಂದಿನ ಚಕ್ರದ ಅಚ್ಚಿನ ಮೇಲೆಯೇ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹಾಗಿರುವಾಗ ಒಂದು ತುಳಿತಕ್ಕೆ ಜಾಸ್ತಿ ದೂರ ಹೋಗಬೇಕು ಅಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು, ಬೇರೆ ದಾರಿಯಿಲ್ಲ. 52 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 4.15 ಮೀಟರ್ ಹೋಗುತ್ತೆ. 26 ಇಂಚಿನದಕ್ಕೆ ಹೀಗೇ ನೇರ ಪೆಡಲ್ ಹಾಕಿದರೆ ಎರಡು ಮೀಟರಿಗೆ ಮುಗಿಯಿತು, ಕಾಲು ಮಾತ್ರ ಗಿರಗಿರ ತಿರುಗುತ್ತಿರಬೇಕು.

ಆಗ ಚೈನ್ ಇರಲಿಲ್ಲವೇ ಅಂದರೆ, ಇತ್ತು. ಆದರೆ ಸೈಕಲ್ಲಿಗೆ ಒಗ್ಗುವಷ್ಟು ಹಗುರವಾದ, ಹಿಗ್ಗದ, ಪದೇ ಪದೇ ತುಂಡಾಗದ ಚೈನ್ ಇನ್ನೂ ಬಂದಿರಲಿಲ್ಲ. ಇದ್ದ ಸಾಮಾನಿನಲ್ಲಿ ವೇಗ ಪಡೆಯಲು ಆಗಿನವರು ಕಂಡುಕೊಂಡ ನೇರ ಉಪಾಯ ಈ ದೊಡ್ಡ ಚಕ್ರ. ಇದನ್ನು ಪೆದ್ದ ವಿನ್ಯಾಸ ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಹಿಂದಿನ ಪುಟ್ಟ ಚಕ್ರಕ್ಕೆ ಏನು ಕೆಲಸ?

ಬೀಳದ ಹಾಗೆ ಹಿಂದೆ ಆಸರೆ ಕೊಡುವುದು, ಅಷ್ಟೇ. ಭಾರದ ಬಹುಪಾಲು ಮುಂದಿನ ಚಕ್ರದ ಮೇಲೆ ಇರುತ್ತೆ. ಹಿಂದಿನದು ದೊಡ್ಡದಾದರೆ ತೂಕ ಹೆಚ್ಚುತ್ತೆ, ಹತ್ತುವಾಗ ಅಡ್ಡ ಬರುತ್ತೆ. ಅದಕ್ಕೇ ಚಿಕ್ಕದು.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳಿ ಮುಗಿಸಲು ಆಗಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಇದ್ದ ಸೈಕಲ್ ಓಡಾಡತೊಡಗಿತು. ಅದರ ಚಕ್ರ ಮರದ್ದು, ಮೇಲೆ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಮೇಲೆ ಕೂತರೆ ಮೈಮೂಳೆಯೆಲ್ಲ ಅದುರುತ್ತಿತ್ತು. ಮರದ ಚಕ್ರವನ್ನು ತೀರಾ ದೊಡ್ಡದು ಮಾಡಿದರೆ ಎತ್ತಲಾರದ ಭಾರ. 1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯರ್ ಬಿಗಿದ ತಂತಿ ಕಡ್ಡಿಗಳ ಚಕ್ರಕ್ಕೆ ಪೇಟೆಂಟ್ ಪಡೆದರು. ದಾರಿ ತೆರೆದದ್ದು ಅಲ್ಲಿ. ಅದಾದ ಕೂಡಲೇ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ಏರಿಯಲ್ ಎಂಬ ಸೈಕಲ್ ತಂದರು. ಹೊಲಿಗೆ ಯಂತ್ರದ ಕೆಲಸದಿಂದ ಬಂದವರು ಸ್ಟಾರ್ಲಿ. ಅವರ ಸ್ಮಾರಕ ಇಲ್ಲಿನ ಗ್ರೇಫ್ರಯರ್ಸ್ ಗ್ರೀನ್ ಪಾರ್ಕಿನಲ್ಲಿದೆ. ನಿಲ್ಲಿಸಿದ್ದು 1884ರಲ್ಲಿ. ಕವೆಂಟ್ರಿಗೆ ಬಂದವರು ಅದನ್ನೂ ಸಾರಿಗೆ ಮ್ಯೂಸಿಯಮ್ಮನ್ನೂ ನೋಡದೆ ಹೋಗಬೇಡಿ.

ನನ್ನ ಎತ್ತರಕ್ಕೆ ಯಾವ ಸೈಜು ಬೇಕಾಗುತ್ತೆ?

ಇಲ್ಲಿ ಲೆಕ್ಕ ಮೈಯೆತ್ತರದ್ದಲ್ಲ, ಕಾಲಿನದು. ತೊಡೆಸಂದಿಯಿಂದ ನೆಲದವರೆಗೆ ಒಳಗಾಲಿನ ಉದ್ದ ಅಳೆಯಿರಿ. ಚಕ್ರದ ಅರ್ಧ, ಅದಕ್ಕೆ ಪೆಡಲನ್ನು ಅಚ್ಚಿಗೆ ಜೋಡಿಸುವ ಕ್ರ್ಯಾಂಕ್ ಸುಮಾರು 5 ಇಂಚು, ಸೀಟಿನ ದಪ್ಪ 2 ಇಂಚು ಕೂಡಿಸಿ. ಆ ಮೊತ್ತ ಒಳಗಾಲಿನ ಅಳತೆಯ ಹತ್ತಿರ ಬರಬೇಕು. 32 ಇಂಚಿನ ಕಾಲಿಗೆ 50 ಇಂಚಿನ ಚಕ್ರ. ಅನುಮಾನ ಇದ್ದರೆ ಒಂದು ಸೈಜು ಚಿಕ್ಕದನ್ನೇ ತಗೊಳ್ಳಿ. ಕೆಳಗಿನ ಪೆಡಲ್ ಎಟುಕದೆ ಬೆರಳ ತುದಿಯಲ್ಲಿ ತಡಕಾಡುವ ಹಾಗಿದ್ದರೆ ಓಡಿಸುವ ಖುಷಿಯೆಲ್ಲ ಹೋಗುತ್ತೆ, ಅಪಾಯ ಬೇರೆ. ಆ ಕಾಲದಲ್ಲಿ ಉದ್ದ ಕಾಲಿನವರಿಗೆ ರೇಸಿನಲ್ಲಿ ಅನುಕೂಲ ಇದ್ದದ್ದು ಇದಕ್ಕೇ: ಕಾಲು ಉದ್ದವಿದ್ದಷ್ಟೂ ಚಕ್ರ ದೊಡ್ಡದು.

## ಹತ್ತೋದು, ಇಳಿಯೋದು

ಅಷ್ಟೆತ್ತರಕ್ಕೆ ಹತ್ತೋದು ಹೇಗಪ್ಪಾ? ಏಣಿ ಬೇಕಾ?

ಏಣಿ ಬೇಡ. ಹಿಂದಿನ ಚಕ್ರದ ಸ್ವಲ್ಪ ಮೇಲೆ, ದೊಡ್ಡ ಚಕ್ರದ ಮೇಲಿಂದ ಹಿಂದಿನ ಚಕ್ರಕ್ಕೆ ಬಾಗಿ ಇಳಿಯುವ ಬೆನ್ನುಕೊಳವೆಯ ಎಡಗಡೆ ಒಂದು ಪುಟ್ಟ ಮೆಟ್ಟಿಲು ಇರುತ್ತೆ. ಪಾದದ ಮುಂಭಾಗ ಮಾತ್ರ ಹಿಡಿಸುವಷ್ಟು. ಎಲ್ಲ ಶುರುವಾಗುವುದು ಅಲ್ಲಿಂದ.

ಸೈಕಲ್ಲಿನ ಹಿಂದೆ ನಿಂತು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿಯಿರಿ. ಎಡಗಾಲನ್ನು ಮೆಟ್ಟಿಲ ಮೇಲಿಡಿ. ಬಲಗಾಲಿನಲ್ಲಿ ನೆಲ ಒದ್ದು ಒದ್ದು ಕುಂಟುತ್ತಾ ಹೋಗಿ. ನಾಲ್ಕೈದು ಒದೆತಕ್ಕೆ ಸೈಕಲ್ ತಾನೇ ನೆಟ್ಟಗೆ ನಿಲ್ಲುವಷ್ಟು ಓಟ ಬರುತ್ತೆ. ಆಗ ಎಡಗಾಲಿನ ಮೇಲೆ ಭಾರ ಹಾಕಿ ಎದ್ದು ನಿಲ್ಲಿ. ಕುಳಿತುಕೊಳ್ಳುವ ಆತುರ ಬೇಡ. ಮೆಟ್ಟಿಲ ಮೇಲೆ ನಿಂತೇ ಸ್ವಲ್ಪ ದೂರ ಹೋಗುವುದನ್ನು ಚೆನ್ನಾಗಿ ರೂಢಿಸಿಕೊಳ್ಳಿ. ಇಲ್ಲಿ ಹೊಸಬರಿಗೆ ಕಲಿಸುವಾಗ ಮೊದಲ ದಿನವೆಲ್ಲ ಇಷ್ಟನ್ನೇ ಮಾಡಿಸುತ್ತಾರೆ.

ಆಮೇಲೆ ಸೀಟಿಗೆ ಜಾರಬೇಕು. ಇಲ್ಲಿ ಬಹಳ ಜನ ಹ್ಯಾಂಡಲನ್ನು ತಮ್ಮ ಕಡೆ ಎಳೆದು ಮೈಯನ್ನು ಮುಂದಕ್ಕೆ ಎಸೆಯುತ್ತಾರೆ. ಹಾಗೆ ಮಾಡಬಾರದು. ಮೈ ಮೇಲಕ್ಕೆ ಏಳಬೇಕು, ಮುಂದಕ್ಕೆ ನುಗ್ಗಬಾರದು. ಸೀಟಿಗೆ ಕೂತಾಗ ಪೆಡಲ್ ತಿರುಗುತ್ತಲೇ ಇರುತ್ತೆ. ಅದನ್ನು ಹುಡುಕಲು ಕೆಳಗೆ ನೋಡಬೇಡಿ. ಕಾಲು ಇಳಿಬಿಟ್ಟು ಕಾಯಿರಿ. ಮೇಲೆ ಬರುವ ಪೆಡಲ್ ತಾನಾಗಿ ಅಂಗಾಲಿಗೆ ತಾಗುತ್ತೆ, ಅದರ ಜೊತೆ ಕಾಲನ್ನು ಕಳಿಸಿ. ಕಣ್ಣು ದೂರದ ರಸ್ತೆಯ ಮೇಲಿರಲಿ.

ಇಳಿಯೋದು? ಸಿಗ್ನಲ್‌ನಲ್ಲಿ ಕಾಲು ಊರಕ್ಕೇ ಆಗಲ್ವಲ್ಲ?

ಆಗಲ್ಲ. ನಿಂತರೆ ಇಳಿಯಲೇಬೇಕು. ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ಕಡಿಮೆ ಮಾಡಿ. ಎಡಗಾಲನ್ನು ಹಿಂದೆ ಚಾಚಿ ಮೆಟ್ಟಿಲು ಹುಡುಕಿ. ಸಿಕ್ಕ ಮೇಲೆ ಹಿಂದಕ್ಕೆ ಜಾರಿ, ಬಲಗಾಲನ್ನು ನೆಲಕ್ಕೆ ಬಿಡಿ. ಕಾಣದ ಮೆಟ್ಟಿಲನ್ನು ಕಾಲಿನಲ್ಲೇ ಹುಡುಕುವುದು ಕಲಿಕೆಯಲ್ಲಿ ಅತಿ ಕಷ್ಟದ ಭಾಗ ಅಂತ ನನ್ನ ಅಭಿಪ್ರಾಯ. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಅಭ್ಯಾಸ ಮಾಡಿ.

ಸಿಗ್ನಲ್ಲಿನ ಉಪಾಯ ಬೇರೆ. ದೂರದಿಂದಲೇ ಕೆಂಪು ಕಂಡರೆ ನಿಧಾನ ಮಾಡಿ, ಹಸಿರಾಗುವ ಹೊತ್ತಿಗೆ ತಲುಪುವ ಹಾಗೆ ಹೋಗುವುದು. ಅಷ್ಟೆತ್ತರದಲ್ಲಿ ಕೂತಾಗ ಮುಂದಿನದೆಲ್ಲ ಚೆನ್ನಾಗಿ ಕಾಣುತ್ತೆ. ಕೈಗೆ ಸಿಗುವ ಕಂಬ ಇದ್ದರೆ ಅದನ್ನು ಹಿಡಿದು ಮೇಲೆಯೇ ಕೂತಿರುವವರೂ ಇದ್ದಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಗುತ್ತಾ ಅಂತ ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ಎರಡು ಹೆಜ್ಜೆಗೊಮ್ಮೆ ನಿಲ್ಲಿಸುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದಲ್ಲ.

ಮಾವ, ನನಗೆ ಸೈಕಲ್ ಚೆನ್ನಾಗಿ ಬರುತ್ತೆ. ಹಾಗಾದ್ರೆ ಇದೂ ಬರುತ್ತೆ ಅಲ್ವಾ?

ಬ್ಯಾಲೆನ್ಸ್ ಬರುತ್ತೆ ಪುಟ್ಟಾ. ಆದರೆ ಎರಡು ಅಭ್ಯಾಸ ಬಿಡಬೇಕು. ಒಂದು, ಪೆಡಲ್ ನಿಲ್ಲಿಸಿ ಸುಮ್ನೆ ಜಾರುವುದು. ಇಲ್ಲಿ ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತೆ. ಇನ್ನೊಂದು, ಗಾಬರಿಯಾದಾಗ ಬ್ರೇಕ್ ಹಿಡಿಯುವುದು. ಯಾಕೆ ಅನ್ನುವುದು ಕೆಳಗಿದೆ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರಿಗೆ ಇದು ಬೇಗ ಹಿಡಿಸುತ್ತೆ ಅಂತ ನನಗನಿಸುತ್ತೆ. ವಾಲಿದ ಸೈಕಲ್ಲಿನ ಮೇಲೆ ಮೈಯನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಅವರಿಗೆ ಮೊದಲೇ ಗೊತ್ತು.

## ಓಡಿಸುವಾಗ

ಅಷ್ಟು ಎತ್ತರ ಇದ್ರೆ ಬ್ಯಾಲೆನ್ಸ್ ತುಂಬಾ ಕಷ್ಟ ಇರಬೇಕು?

ಉಲ್ಟಾ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಿ ನೋಡಿ, ಆಮೇಲೆ ಉದ್ದ ಕೋಲು ನಿಲ್ಲಿಸಿ ನೋಡಿ. ಕೋಲು ನಿಧಾನವಾಗಿ ವಾಲುತ್ತೆ, ಸರಿಪಡಿಸಲು ಸಮಯ ಸಿಗುತ್ತೆ. ಭಾರ ಮೇಲಿದ್ದಷ್ಟೂ ಬೀಳುವುದು ನಿಧಾನ. ಜೊತೆಗೆ ದೊಡ್ಡ ಚಕ್ರದ ರಿಮ್ಮು ಗುಂಡಗೆ ತಿರುಗುತ್ತಾ ತನ್ನ ದಿಕ್ಕನ್ನು ಹಟದಿಂದ ಹಿಡಿದಿರುತ್ತೆ. ಹಾಗಾಗಿ ಸಮತಟ್ಟು ರಸ್ತೆಯಲ್ಲಿ ಓಡುತ್ತಿರುವಾಗ ಈ ಸೈಕಲ್ ಬಹಳ ಗಂಭೀರ, ಬಹಳ ಸಾಧು.

ತೊಂದರೆ ಇರುವುದು ಬೇರೆ ಕಡೆ. ದಿಕ್ಕು ತಿರುಗಿಸುವ ಚಕ್ರ, ತುಳಿಯುವ ಚಕ್ರ ಎರಡೂ ಒಂದೇ. ಬಲಗಾಲು ಒತ್ತಿದಾಗ ಚಕ್ರ ಒಂದು ಕಡೆ ಎಳೆಯುತ್ತೆ, ಎಡಗಾಲು ಒತ್ತಿದಾಗ ಇನ್ನೊಂದು ಕಡೆ. ಪ್ರತಿ ತುಳಿತಕ್ಕೂ ಕೈ ಅದನ್ನು ಸಣ್ಣದಾಗಿ ತಡೆಯುತ್ತಿರಬೇಕು. ಹೊಸಬರು ಹಾವಿನ ಹಾಗೆ ಹೋಗುವುದು ಇದಕ್ಕೇ. ಕಾಲು ಜೋರಾಗಿ ಒತ್ತದೆ ದುಂಡಗೆ ತಿರುಗಿಸಲು ಕಲಿತರೆ ಸೈಕಲ್ ನೇರವಾಗುತ್ತೆ. ಹಿಡಿತ ಬಿಗಿಯಿದ್ದಷ್ಟೂ ಓಲಾಟ ಹೆಚ್ಚು, ಅದೂ ನೆನಪಿರಲಿ.

ತಿರುವಿನಲ್ಲಿ ಏನಾಗುತ್ತೆ?

ಚಕ್ರ ಎರಡು ಕಾಲಿನ ನಡುವೆ ಇದೆ. ಹ್ಯಾಂಡಲ್ ಜಾಸ್ತಿ ತಿರುಗಿಸಿದರೆ ಟೈರು ತೊಡೆಯ ಒಳಬದಿಗೆ ಉಜ್ಜುತ್ತೆ. ಪ್ಯಾಂಟಿನ ಮೇಲೆ ಕಪ್ಪು ಗೆರೆ ಬಿದ್ದರೆ ತಿರುವು ತೀರಾ ಚಿಕ್ಕದಾಗಿತ್ತು ಅಂತ ಅರ್ಥ. ಅಗಲವಾದ ತಿರುವು ತಗೊಳ್ಳಿ, ಹ್ಯಾಂಡಲ್ಲಿಗಿಂತ ಮೈ ವಾಲಿಸಿ ತಿರುಗಿಸಿ. ಇಕ್ಕಟ್ಟಾದ ಓಣಿಯಲ್ಲಿ ಯೂ-ಟರ್ನ್ ಮಾಡಬೇಕಾದರೆ ಇಳಿದು ತಿರುಗಿಸುವುದೇ ಸರಿ.

ಬ್ರೇಕ್ ಹಿಡಿದ್ರೆ ತಲೆಕೆಳಗಾಗಿ ಬೀಳ್ತಾರಂತೆ, ನಿಜಾನಾ?

ನಿಜ. ಈ ಸೈಕಲ್ಲಿನ ನಡತೆಯೆಲ್ಲ ನಿಂತಿರುವುದು ಈ ಒಂದು ವಿಷಯದ ಮೇಲೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪೆಡಲ್ ಅಚ್ಚಿನಲ್ಲಿದೆ, ಆದ್ದರಿಂದ ಸವಾರ ಅಚ್ಚಿನ ಹತ್ತಿರ, ಅದರ ಮೇಲೆಯೇ ಕೂರಬೇಕು. ನಿಮ್ಮ ಮತ್ತು ಸೈಕಲ್ಲಿನ ಒಟ್ಟು ಭಾರದ ಕೇಂದ್ರ ಮುಂದಿನ ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 25 ಸೆಂಟಿಮೀಟರ್ ಮಾತ್ರ ಹಿಂದಿದೆ, ಎತ್ತರ ಸುಮಾರು ಒಂದೂವರೆ ಮೀಟರ್ ಅಂತ ಇಟ್ಟುಕೊಳ್ಳಿ. ಅಂದರೆ ಹಿಂದಿನ ದೂರ ಎತ್ತರದ ಆರನೇ ಒಂದು ಭಾಗ. ವೇಗ ಕಡಿಮೆಯಾಗುವ ದರ ಗುರುತ್ವದ ಆರನೇ ಒಂದು ಭಾಗ ದಾಟಿದರೆ ಹಿಂದಿನ ಚಕ್ರ ಮೇಲೇಳುತ್ತೆ. ಈಗಿನ ಸೈಕಲ್ಲಿನಲ್ಲಿ ಈ ಮಿತಿ ಗುರುತ್ವದ ಅರ್ಧಕ್ಕಿಂತ ಜಾಸ್ತಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಈಗಿನ ಸೈಕಲ್ ಸುಮಾರು ಮೂರು ಮೀಟರಿನಲ್ಲಿ ನಿಂತರೆ, ಪೆನ್ನಿ-ಫಾರ್ದಿಂಗಿಗೆ ಒಂಬತ್ತು ಹತ್ತು ಮೀಟರ್ ಬೇಕು. ಅದಕ್ಕಿಂತ ಬೇಗ ನಿಲ್ಲಿಸಲು ಹೋದರೆ ನಿಲ್ಲುವುದು ಚಕ್ರ, ನೀವು ಮುಂದೆ ಹೋಗುತ್ತೀರಿ.

ಇದಕ್ಕೆ ಬ್ರೇಕು ಒಂದೇ. ಲಿವರ್ ಒತ್ತಿದರೆ ಚಮಚದಂಥ ಲೋಹದ ತುಂಡು ಮುಂದಿನ ಟೈರಿಗೆ ಒತ್ತುತ್ತೆ. ಅದನ್ನು ಮೆಲ್ಲಗೆ, ಬಿಟ್ಟು ಬಿಟ್ಟು ಹಿಡಿಯಬೇಕು. ಹಿಡಿಯುವಾಗ ಮೈ ಹಿಂದಕ್ಕೆ ವಾಲಿರಬೇಕು. ನಿಜವಾದ ಬ್ರೇಕು ನಿಮ್ಮ ಕಾಲು. ಏರಿ ಬರುವ ಪೆಡಲನ್ನು ಅಂಗಾಲಿನಿಂದ ತಡೆದು ತಡೆದು ವೇಗ ಇಳಿಸುವುದು. ಕಾಲಿಗೆ ಮಿತಿಯಿದೆ, ಅದಕ್ಕೇ ಅದು ಹೆಚ್ಚು ಸುರಕ್ಷಿತ.

ಬಿದ್ದರೆ ಪೆಟ್ಟು ಜೋರಾಗುವುದಕ್ಕೆ ಇನ್ನೊಂದು ಕಾರಣ ಹ್ಯಾಂಡಲ್. ಅದು ತೊಡೆಗಳ ಮುಂದೆ ಅಡ್ಡ ಇರುತ್ತೆ. ಮುಂದಕ್ಕೆ ಮಗುಚಿದಾಗ ಕಾಲು ಅದರ ಕೆಳಗೆ ಸಿಕ್ಕಿಕೊಂಡು ತಲೆ ಮೊದಲು ನೆಲಕ್ಕೆ ಹೋಗುತ್ತೆ. 1880ರ ದಶಕದಲ್ಲಿ ವಾಟನ್ ಹ್ಯಾಂಡಲ್ ಅಂತ ಬಂತು. ಅದು ಬಾಗಿ ಕಾಲಿನ ಹಿಂದಕ್ಕೆ ಸುತ್ತಿ ಬರುತ್ತಿತ್ತು, ಕಾಲಿನ ಮುಂದೆ ಏನೂ ಅಡ್ಡ ಇರುತ್ತಿರಲಿಲ್ಲ. ಮಗುಚಿದರೂ ಕಾಲ ಮೇಲೆ ಇಳಿಯಬಹುದಿತ್ತು. ಅದು ಎಲ್ಲರ ಕೈಗೂ ಬರಬೇಕಾಗಿತ್ತು ಅಂತ ನನಗೆ ಈಗಲೂ ಅನಿಸುತ್ತೆ. ಹೆಲ್ಮೆಟ್ ಇಲ್ಲದೆ ಮಾತ್ರ ಈ ಸೈಕಲ್ ಹತ್ತಬೇಡಿ. ಹಳೆ ಕಾಲದ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದಿದ್ದರೆ ಕೆಳಗೆ ನಿಂತು ತೆಗೆಸಿಕೊಳ್ಳಿ.

ಇಳಿಜಾರಿನಲ್ಲಿ ಕಾಲು ಹ್ಯಾಂಡಲ್ ಮೇಲೆ ಹಾಕ್ತಿದ್ರಂತೆ, ಅದ್ಯಾಕೆ?

ಇಳಿಜಾರಿನಲ್ಲಿ ಪೆಡಲ್ ಕಾಲಿಗಿಂತ ಜೋರಾಗಿ ತಿರುಗತೊಡಗುತ್ತೆ. ಆಗ ಕಾಲು ತೆಗೆಯಲೇಬೇಕು. ತೆಗೆದ ಕಾಲನ್ನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಚಾಚಿದರೆ, ಮಗುಚಿದಾಗ ಪಾದ ಮೊದಲು ನೆಲಕ್ಕೆ ಬರುತ್ತೆ. ಅದು ಧೈರ್ಯ ತೋರಿಸುವ ಆಟವಾಗಿರಲಿಲ್ಲ. ಆದರೆ ಆ ಭಂಗಿಯಲ್ಲಿ ಕಾಲಿನ ಬ್ರೇಕು ಇರುವುದಿಲ್ಲ, ಉಳಿಯುವುದು ಚಮಚದ ಬ್ರೇಕು ಮಾತ್ರ. ರಸ್ತೆಯ ಕೊನೆ ಕಾಣದ ಇಳಿಜಾರು ಬಂದರೆ ನಾನು ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಏರು ಹತ್ತುತ್ತಾ?

ಸಣ್ಣ ಏರು ಹತ್ತುತ್ತೆ. 5 ಇಂಚಿನ ಕ್ರ್ಯಾಂಕಿನಿಂದ 50 ಇಂಚಿನ ಚಕ್ರ ತಿರುಗಿಸಬೇಕು, ಗೇರ್ ಬದಲಿಸುವ ಹಾಗಿಲ್ಲ. ಹ್ಯಾಂಡಲನ್ನು ಮೇಲಕ್ಕೆ ಎಳೆದು ಕೈಬಲವನ್ನೂ ಕಾಲಿಗೆ ಸೇರಿಸಬೇಕು. ಕ್ರ್ಯಾಂಕಿನಲ್ಲಿ ಉದ್ದನೆಯ ಸೀಳು ಇದ್ದರೆ ಪೆಡಲನ್ನು ಸರಿಸಿ ಕೂರಿಸಬಹುದು: ಗುಡ್ಡದ ಊರಿಗೆ ಹೊರಕ್ಕೆ, ಬಯಲಿಗೆ ಒಳಕ್ಕೆ.

ನಮ್ಮ ರಸ್ತೆಯ ಹಂಪು, ಗುಂಡಿಗೆ ಇದು ತಡೆಯುತ್ತಾ?

ಹಂಪಿಗೆ ಚೆನ್ನಾಗಿ ತಡೆಯುತ್ತೆ. ಐದು ಸೆಂಟಿಮೀಟರ್ ಎತ್ತರದ ಅಡ್ಡಿಯನ್ನು 52 ಇಂಚಿನ ಚಕ್ರ ಮುಟ್ಟುವ ಕೋನ ಸುಮಾರು 22 ಡಿಗ್ರಿ. ಈಗಿನ ರೋಡ್ ಸೈಕಲ್ಲಿನ ಚಕ್ರಕ್ಕೆ ಅದೇ ಸುಮಾರು 31 ಡಿಗ್ರಿ. ಕೋನ ಚಿಕ್ಕದಾದಷ್ಟೂ ಏರುವುದು ಸಲೀಸು, ಧಕ್ಕೆ ಕಡಿಮೆ. ಗಾಳಿಯಿಲ್ಲದ ಗಟ್ಟಿ ರಬ್ಬರ್ ಟೈರಿನಲ್ಲೂ ಈ ಸೈಕಲ್ ಅಷ್ಟು ಹಿತವಾಗಿ ಸಾಗುವುದಕ್ಕೆ ಇದೇ ಕಾರಣ. ಸಣ್ಣ ಗುಂಡಿಗಳ ಮೇಲೆ ಚಕ್ರ ದಾಟಿಬಿಡುತ್ತೆ, ಒಳಗೆ ಇಳಿಯುವುದೇ ಇಲ್ಲ.

ಆದರೆ ಆಳದ ಗುಂಡಿ, ಮರಳು, ಒದ್ದೆ ಮಣ್ಣು ಬಂದರೆ ಚಕ್ರ ತಟ್ಟನೆ ನಿಧಾನವಾಗುತ್ತೆ. ಆಗ ಬ್ರೇಕಿನ ಪ್ರಶ್ನೆಯಲ್ಲಿ ಹೇಳಿದ್ದೇ ಇಲ್ಲೂ ಆಗುತ್ತೆ. ಮಲೆನಾಡಿನ ಮಳೆಗಾಲದ ಮಣ್ಣು ರಸ್ತೆಯಲ್ಲಿ ಇದನ್ನು ಓಡಿಸಲು ನಾನು ಯಾರಿಗೂ ಹೇಳಲಾರೆ.

ಎಷ್ಟು ಸ್ಪೀಡ್ ಹೋಗುತ್ತೆ?

52 ಇಂಚಿನ ಚಕ್ರದಲ್ಲಿ ಗಂಟೆಗೆ 20 ಕಿ.ಮೀ. ಅಂದರೆ ನಿಮಿಷಕ್ಕೆ ಸುಮಾರು 80 ಸುತ್ತು. ಆರಾಮದ ವೇಗ. 30ಕ್ಕೆ 120 ಸುತ್ತು ಬೇಕು, ಅಲ್ಲಿ ಪಳಗಿದ ಕಾಲು ಬೇಕು. 2018ರಲ್ಲಿ ಮಾರ್ಕ್ ಬ್ಯೂಮಾಂಟ್ ಲಂಡನ್ನಿನ ಹರ್ನ್ ಹಿಲ್ ಟ್ರ್ಯಾಕಿನಲ್ಲಿ ಒಂದು ಗಂಟೆಗೆ 21.92 ಮೈಲಿ ಓಡಿಸಿದರು. 35 ಕಿ.ಮೀ.ಗಿಂತ ಜಾಸ್ತಿ.

## ಇನ್ನೂ ಸ್ವಲ್ಪ ಆಳಕ್ಕೆ

ಇದರಲ್ಲಿ ದೂರ ಪ್ರಯಾಣ ಯಾರಾದ್ರೂ ಮಾಡಿದ್ದಾರಾ?

ಥಾಮಸ್ ಸ್ಟೀವನ್ಸ್ ಭೂಮಿಯನ್ನೇ ಸುತ್ತಿದರು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ 50 ಇಂಚಿನ ಕೊಲಂಬಿಯಾ ಸೈಕಲ್ಲಿನಲ್ಲಿ ಹೊರಟು ಆಗಸ್ಟಿನಲ್ಲಿ ಬಾಸ್ಟನ್ ಮುಟ್ಟಿದರು. ಆಮೇಲೆ ಯುರೋಪು, ತುರ್ಕಿ, ಪರ್ಷಿಯಾ. ಸಾಮಾನು ಅಂದರೆ ಕಾಲುಚೀಲ, ಒಂದು ಬದಲಿ ಅಂಗಿ, ಡೇರೆಯಾಗಿಯೂ ಹಾಸಿಗೆಯಾಗಿಯೂ ಆಗುವ ಮಳೆಕೋಟು, ಒಂದು ರಿವಾಲ್ವರ್. ಅಫ್ಘಾನಿಸ್ತಾನದಲ್ಲಿ ಬಿಡದೆ ವಾಪಸ್ ಕಳಿಸಿದ್ದರಿಂದ ಸುತ್ತಿ ಬಳಸಿ ಭಾರತಕ್ಕೆ ಬಂದರು. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಇದೇ ಸೈಕಲ್ ಓಡಿಸಿದರು. ಅಲ್ಲಿಂದ ಹಡಗಿನಲ್ಲಿ ಚೀನಾ ಕಡೆ ಹೋಗಿ, ಅದೇ ವರ್ಷ ಡಿಸೆಂಬರ್ 17ಕ್ಕೆ ಜಪಾನಿನ ಯೊಕೊಹಾಮಾದಲ್ಲಿ ಪ್ರಯಾಣ ಮುಗಿಸಿದರು. ಸಾಲುಮರದ ನೆರಳಿನ ಆ ರಸ್ತೆಯಲ್ಲಿ ಈ ಎತ್ತರದ ಚಕ್ರ ಹೋಗುವುದನ್ನು ಎತ್ತಿನಗಾಡಿಯವರು ನೋಡಿರುತ್ತಾರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಅದೇ 1886ರಲ್ಲಿ ಜಿ. ಪಿ. ಮಿಲ್ಸ್ ಬ್ರಿಟನ್ನಿನ ಒಂದು ತುದಿ ಲ್ಯಾಂಡ್ಸ್ ಎಂಡಿನಿಂದ ಇನ್ನೊಂದು ತುದಿ ಜಾನ್ ಓ ಗ್ರೋಟ್ಸಿಗೆ 5 ದಿನ 1 ಗಂಟೆ 45 ನಿಮಿಷದಲ್ಲಿ ಹೋದರು. ಆ ದಾಖಲೆ ಮುರಿದದ್ದು 2019ರಲ್ಲಿ. ಹೊಸ ದಾಖಲೆ ಸುಮಾರು ನಾಲ್ಕೂವರೆ ದಿನ.

ಹೆಂಗಸರು ಓಡಿಸ್ತಿದ್ರಾ?

ಆಗಿನ ಉದ್ದ ಲಂಗದಲ್ಲಿ ಇದನ್ನು ಹತ್ತುವುದು ಅಸಾಧ್ಯವಾಗಿತ್ತು. ಹೆಚ್ಚಿನವರು ದೊಡ್ಡ ಚಕ್ರದ ಟ್ರೈಸಿಕಲ್ ಬಳಸಿದರು. ಸ್ಟಾರ್ಲಿಯ ಸಾಲ್ವೋ ಟ್ರೈಸಿಕಲ್ಲನ್ನು 1881ರಲ್ಲಿ ವಿಕ್ಟೋರಿಯಾ ರಾಣಿಯೇ ತರಿಸಿಕೊಂಡರು. ಆದರೆ ಅಮೆರಿಕದಲ್ಲಿ ಎಲ್ಸಾ ವಾನ್ ಬ್ಲೂಮೆನ್, ಲೂಯಿಸ್ ಅರ್ಮೈಂಡೊ ಅವರು 1880ರ ದಶಕದಲ್ಲಿ ಎತ್ತರದ ಚಕ್ರದಲ್ಲೇ ರೇಸ್ ಆಡಿದರು, ಕುದುರೆಗಳ ಜೊತೆ ಕೂಡ. ಈಗ ಟ್ಯಾಸ್ಮೇನಿಯಾದ ಇವಾಂಡೇಲಿನಲ್ಲಿ 1983ರಿಂದ ನಡೆಯುವ ಪೆನ್ನಿ-ಫಾರ್ದಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಹೆಂಗಸರೂ ಸ್ಪರ್ಧಿಸುತ್ತಾರೆ. ಅಗಲ ರಸ್ತೆಯಲ್ಲ ಅದು, ಹಳ್ಳಿಯ ಬೀದಿಯ ಬಿಗಿ ತಿರುವುಗಳು.

ಚಿಕ್ಕ ಚಕ್ರ ಮುಂದೆ, ದೊಡ್ಡದು ಹಿಂದೆ ಇಟ್ಟಿದ್ರೆ ಮಗುಚ್ತಾನೇ ಇರಲಿಲ್ವಲ್ಲ?

ಒಳ್ಳೆ ಯೋಚನೆ. ಅಮೆರಿಕನ್ ಸ್ಟಾರ್ ಅನ್ನುವ ಸೈಕಲ್ 1880ರ ದಶಕದಲ್ಲಿ ಇದನ್ನೇ ಮಾಡಿತು. ನ್ಯೂಜೆರ್ಸಿಯಲ್ಲಿ ತಯಾರಾಗುತ್ತಿತ್ತು. ದೊಡ್ಡ ಚಕ್ರವನ್ನು ಮೇಲೆ ಕೆಳಗೆ ಒತ್ತುವ ಲಿವರಿನಿಂದ ತಿರುಗಿಸುತ್ತಿದ್ದರು, ದಿಕ್ಕು ತಿರುಗಿಸುವ ಹ್ಯಾಂಡಲ್ ಮುಂದಿನ ಪುಟ್ಟ ಚಕ್ರಕ್ಕೆ. ಮುಂದೆ ಮಗುಚುವುದು ನಿಜವಾಗಿಯೂ ತಪ್ಪಿತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಮೆಟ್ಟಿಲುಗಳನ್ನು ಸ್ಟಾರ್ ಮೇಲೆ ಇಳಿಯುತ್ತಿರುವ ಸವಾರನ ಫೋಟೋ ಇದೆ. ಆದರೆ ಭಾರವೆಲ್ಲ ಹಿಂದೆ ಬಂದಿದ್ದರಿಂದ ಏರಿನಲ್ಲಿ ಜೋರಾಗಿ ಒತ್ತಿದರೆ ಹಿಂದಕ್ಕೆ ಮಗುಚುವ ಭಯ ಬಂತು.

36 ಇಂಚಿನ ಒಂಟಿ ಚಕ್ರದ ಸೈಕಲ್ ಓಡಿಸ್ತಾರಲ್ಲ, ಅದೂ ಇದೇ ಥರನಾ?

ಹತ್ತಿರದ ನೆಂಟ. ಅದಕ್ಕೂ ಪೆಡಲ್ ಅಚ್ಚಿನ ಮೇಲೆಯೇ. 36 ಇಂಚಿನ ಯುನಿಸೈಕಲ್ ಒಂದು ಸುತ್ತಿಗೆ ಸುಮಾರು 2.87 ಮೀಟರ್ ಹೋಗುತ್ತೆ. 20 ಇಂಚಿನ ಕಲಿಯುವ ಯುನಿಸೈಕಲ್ಲಿಗೂ ಇದಕ್ಕೂ ಅಜಗಜಾಂತರ. ಚಿಕ್ಕದು ಚುರುಕು, ಕೂಡಲೇ ತಿರುಗುತ್ತೆ, ಕೂಡಲೇ ನಿಲ್ಲುತ್ತೆ. ದೊಡ್ಡದು ಹೊರಡಲೂ ಒಪ್ಪಲ್ಲ, ಹೊರಟ ಮೇಲೆ ನಿಲ್ಲಲೂ ಒಪ್ಪಲ್ಲ. ನೀವು ಏನು ಮಾಡಬೇಕು ಅಂತ ಒಂದು ಕ್ಷಣ ಮೊದಲೇ ತೀರ್ಮಾನಿಸಿರಬೇಕು. ಇಲ್ಲಿ ಹಿಂದೆ ಆಸರೆಯ ಚಕ್ರ ಇಲ್ಲ, ಹಾಗಾಗಿ ಹಿಂದಕ್ಕೂ ಬೀಳಬಹುದು. ಆದರೆ ಮುಂದೆ ಹ್ಯಾಂಡಲ್ ಅಡ್ಡ ಇಲ್ಲ. ಬಿದ್ದರೆ ಓಡುತ್ತಾ ಕಾಲ ಮೇಲೆ ಇಳಿಯಬಹುದು.

ದೂರ ಹೋಗುವವರು ಚಕ್ರದ ನಡುವಿನ ಹಬ್ಬಿನೊಳಗೆ ಗೇರ್ ಇರುವುದನ್ನು ಹಾಕಿಸಿಕೊಳ್ಳುತ್ತಾರೆ. ಸುಮಾರು ಒಂದೂವರೆ ಪಟ್ಟು ಅಂದರೆ 54 ಇಂಚಿನ ಚಕ್ರಕ್ಕೆ ಸಮ. ಪೆನ್ನಿ-ಫಾರ್ದಿಂಗಿನ ಅಳತೆಗೇ ಬಂದು ನಿಂತಿತು ನೋಡಿ. 2008ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಯುನಿಸೈಕಲ್ಲಿನಲ್ಲಿ 800 ಕಿ.ಮೀ. ರಿಲೇ ರೇಸ್ ನಡೆಯಿತು.

ಇಷ್ಟೆಲ್ಲ ಚೆನ್ನಾಗಿದ್ರೆ ಮಾಯ ಆಗಿದ್ದು ಯಾಕೆ?

ಒಳ್ಳೆಯ ಚೈನ್ ಬಂತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದರು. ಹಿಂದಿನ ಚಕ್ರಕ್ಕೆ ಚೈನ್, ಹತ್ತಿರ ಹತ್ತಿರ ಒಂದೇ ಅಳತೆಯ ಎರಡು ಚಕ್ರ, ಕಾಲೂರಿ ನಿಲ್ಲುವಷ್ಟು ಎತ್ತರ. ಇವರು ಜೇಮ್ಸ್ ಸ್ಟಾರ್ಲಿಯ ಸೋದರನ ಮಗ. ಆಮೇಲೂ ಎತ್ತರದ ಚಕ್ರಕ್ಕೆ ಒಂದು ಮೇಲುಗೈ ಉಳಿದಿತ್ತು: ಕೆಟ್ಟ ರಸ್ತೆಯಲ್ಲಿ ಹಿತವಾದ ಸವಾರಿ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಅದೂ ಹೋಯಿತು. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಆದರೂ ಗೇರನ್ನು ಇಂಚಿನಲ್ಲಿ ಲೆಕ್ಕ ಹಾಕುವ ಪದ್ಧತಿ ಸೈಕಲ್ ಓಡಿಸುವವರಲ್ಲಿ ಉಳಿದಿದೆ. 81 ಇಂಚಿನ ಗೇರ್ ಅಂದರೆ 81 ಇಂಚಿನ ದೊಡ್ಡ ಚಕ್ರ ಒಂದು ಸುತ್ತಿಗೆ ಹೋಗುವಷ್ಟು ದೂರ.

ಅಷ್ಟು ತೆಳು ಕಡ್ಡಿ ಮನುಷ್ಯನ ಭಾರ ಹೇಗೆ ತಡೆಯುತ್ತೆ?

ಎತ್ತಿನಗಾಡಿಯ ಚಕ್ರದಲ್ಲಿ ಕೆಳಗಿನ ಮರದ ಕಾಲು ಭಾರ ಹೊರುತ್ತೆ. ಅದು ಒತ್ತಡದ ಕೆಲಸ, ದಪ್ಪ ಬೇಕು. ತಂತಿ ಕಡ್ಡಿಯನ್ನು ಒತ್ತಿದರೆ ಬಗ್ಗಿಹೋಗುತ್ತೆ, ಎಳೆದರೆ ಮಾತ್ರ ಬಲ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು ಇಡುತ್ತಾರೆ. ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಬಿಗಿ ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ಸಡಿಲವಾಗುವುದಿಲ್ಲ.

ಮೊದಲು ಕಡ್ಡಿಗಳು ಹಬ್ಬಿನಿಂದ ನೇರವಾಗಿ ಹೊರಡುತ್ತಿದ್ದವು. ಪೆಡಲ್ ಜೋರಾಗಿ ಒತ್ತಿದರೆ ಹಬ್ಬು ಮುಂದೆ ತಿರುಗಿ, ರಿಮ್ಮು ಒಂದು ಗಳಿಗೆ ಹಿಂದೆ ಉಳಿಯುತ್ತಿತ್ತು. 1874ರಲ್ಲಿ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನ ಅಂಚಿನಿಂದ ಓರೆಯಾಗಿ, ಒಂದರ ಮೇಲೊಂದು ಹಾಯುವ ಹಾಗೆ ಕಟ್ಟುವುದಕ್ಕೆ ಪೇಟೆಂಟ್ ಪಡೆದರು. ನಿಮ್ಮ ಮನೆಯ ಸೈಕಲ್ಲಿನ ಕಡ್ಡಿಗಳನ್ನು ನೋಡಿ, ಅದೇ ಕಟ್ಟು.

ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾಡಿಸಬಹುದಾ ಅಣ್ಣಾ?

ಬೆನ್ನುಕೊಳವೆ, ಫೋರ್ಕು, ಮೆಟ್ಟಿಲು ಮಾಡಿಸಬಹುದು. ಕಷ್ಟ ಇರುವುದು ದೊಡ್ಡ ಚಕ್ರದಲ್ಲಿ. ಗ್ರಿಲ್ ಮಾಡುವವರು ಸರಳನ್ನೇ ಕಡ್ಡಿಯ ಹಾಗೆ ವೆಲ್ಡ್ ಮಾಡಿಕೊಡುತ್ತಾರೆ. ಮೆರವಣಿಗೆಗೆ, ಅಂಗಡಿ ಮುಂದೆ ಇಡುವುದಕ್ಕೆ ಸರಿ. ರಸ್ತೆಗೆ ಅದು ಭಾರ, ಧಕ್ಕೆಗೆ ವೆಲ್ಡಿಂಗ್ ಬಿಟ್ಟುಕೊಳ್ಳುತ್ತೆ. ಓಡಿಸುವ ಆಸೆ ಇದ್ದರೆ ರಿಮ್ಮು, ಉದ್ದ ಕಡ್ಡಿ, ಹಬ್ಬು ಮಾತ್ರ ಇದನ್ನೇ ತಯಾರಿಸುವವರಿಂದ ತರಿಸಿ. ಬೆಂಡ್ ತೆಗೆಯುವುದನ್ನು ಊರಿನ ಒಳ್ಳೆಯ ಸೈಕಲ್ ಮೇಸ್ತ್ರಿ ಮಾಡಿಕೊಡುತ್ತಾರೆ.

ಅಂಗಡಿಯವರಿಗೆ ಮೂರು ವಿಷಯ ಬಿಡಿಸಿ ಹೇಳಿ. ಸೀಟು ಅಚ್ಚಿಗಿಂತ ಮುಂದೆ ಬರಲೇಕೂಡದು. ಬೆನ್ನುಕೊಳವೆ ಫೋರ್ಕಿಗೆ ಸೇರುವ ತಲೆಯ ಭಾಗದಲ್ಲಿ ಬೇರಿಂಗ್ ಇರಲಿ, ಅಲ್ಲಿ ಆಟ ಇದ್ದರೆ ಚಕ್ರ ನಡುಗುತ್ತೆ. ಮೆಟ್ಟಿಲ ಬುಡ ಗಟ್ಟಿಯಿರಲಿ, ಹತ್ತುವಾಗ ನಿಮ್ಮ ಪೂರ್ತಿ ಭಾರ ಒಂದೇ ಸಲಕ್ಕೆ ಬೀಳುವುದು ಅಲ್ಲೇ. ಹಳೆಯದನ್ನು ಕೊಳ್ಳುವವರೂ ಬಿರುಕು ಹುಡುಕಬೇಕಾದದ್ದು ಮೊದಲು ಆ ಬುಡದಲ್ಲಿ. ಟೈರು ರಿಮ್ಮಿನಿಂದ ಎದ್ದಿದೆಯಾ ಅಂತ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿ. ಎದ್ದಿದ್ದರೆ ಅಂಟಿಸಿದ ಮೇಲೇ ಹತ್ತಿ.